ಮೂರನೆಯ ಸಾಲು

ತಿರುಪ್ಪೂರು, ಕೊಯಮತ್ತೂರು ಕಡೆಯ ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಈಚೆಗೆ ಏಳು ಸೀಟಿನ ದೊಡ್ಡ ಕಾರಿನ ಮಾತು ಬಹಳವಾಗಿದೆ. ಮದುವೆ, ಗೃಹಪ್ರವೇಶದ ಪಂಕ್ತಿಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಕೇಳುವುದು ಅದನ್ನೇ. "ನಿಮ್ಮದು ಹೇಗಿದೆ? ಮೈಲೇಜು ಎಷ್ಟು ಕೊಡುತ್ತೆ?" ಎನ್ನುತ್ತಾರೆ. ನಮ್ಮ ಮನೆಗೆ ಅಂಥ ಗಾಡಿ ಬಂದದ್ದು 2022ರ ವಿಜಯದಶಮಿಯಂದು. ಮೂರೂವರೆ ವರ್ಷದಲ್ಲಿ 52,000 ಕಿಲೋಮೀಟರ್ ಓಡಿದೆ. ಡೀಸೆಲಿನ ಚೀಟಿ, ಟೋಲು, ಟೈರು, ಇನ್ಶೂರೆನ್ಸ್ ಎಲ್ಲವನ್ನೂ ಅಂಗಡಿ ಲೆಕ್ಕದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಂದೇ ಸಲ ಹೇಳುತ್ತೇನೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಬನಿಯನ್ ವ್ಯಾಪಾರಕ್ಕೆ ಕೂತವನು, ಯಂತ್ರಶಾಸ್ತ್ರ ಓದಿದವನಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಹೊಗಳಿದರೆ ಜಾಹೀರಾತು, ತೆಗಳಿದರೆ ದೂರು. ಅಲ್ಲದೆ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಈ ಅಳತೆಯ ಎಲ್ಲ ಗಾಡಿಗಳಿಗೂ ಹೆಚ್ಚುಕಡಿಮೆ ಒಂದೇ.

ಮನೆಯಲ್ಲಿ ನಾವು ಏಳು ಜನ. ಅಮ್ಮ, ನಾನು, ನಮ್ಮ ಮನೆಯವರು, ಮಗ, ಸೊಸೆ, ಮೊಮ್ಮಗ, ಮೊಮ್ಮಗಳು. ತಮ್ಮನ ಸಂಸಾರ ಕೊಯಮತ್ತೂರಿನಲ್ಲಿ ಬೇರೆ ಇದೆ. ಏಳು ಜನಕ್ಕೆ ಏಳು ಸೀಟು, ಇನ್ನೇನು ಯೋಚನೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಂಗಡಿಯ ಹುಡುಗರೂ ಹಾಗೇ ಹೇಳಿದರು.

ಮೂರು ಸಾಲಿನ ಗಾಡಿ ನಮ್ಮ ಜನಕ್ಕೆ ಹೊಸದಲ್ಲ. ಹಿಂದೆ ಅಂಬಾಸಿಡರಿನಲ್ಲಿ ಮುಂದೆ ನಾಲ್ವರು, ಹಿಂದೆ ಐವರು, ಮಡಿಲಲ್ಲಿ ಮಕ್ಕಳು ಎಂದು ಕೂತು ಹೋದವರು ನಾವು. 1994ರಲ್ಲಿ ಟಾಟಾ ಸುಮೋ ಬಂದಾಗ ಹಿಂದೆ ಎದುರುಬದುರು ಬೆಂಚು ಹಾಕಿಕೊಂಡು ಹತ್ತು ಜನ ಹೋಗುತ್ತಿದ್ದೆವು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, ಎರಡೂ ನಮ್ಮ ಬಿಡದಿಯಲ್ಲೇ ತಯಾರಾದವು. ಮೂರನೆಯ ಸಾಲಿನಲ್ಲಿ ದೊಡ್ಡವರೂ ಕೂರಬಹುದು ಎಂದು ನಮ್ಮವರಿಗೆ ಅಭ್ಯಾಸ ಮಾಡಿಸಿದ್ದು ಅವೇ. ಅನಂತರ ಬಂದದ್ದು ಎತ್ತರದ ನಿಲುವಿನ ಎಸ್‌ಯುವಿಗಳ ಕಾಲ. 2020ರಲ್ಲಿ ಹೆಕ್ಟರ್ ಪ್ಲಸ್. 2021 ಒಂದರಲ್ಲೇ ಸಫಾರಿ ಹೊಸ ರೂಪದಲ್ಲಿ, ಅಲ್ಕಜಾರ್, ಎಕ್ಸ್‌ಯುವಿ 700 ಮೂರೂ ಬಂದವು. ಮಗನ ಮನಸ್ಸು ಇವುಗಳ ಮೇಲಿತ್ತು. ನನ್ನದು ಇನ್ನೋವಾ ತರಹದ ತಗ್ಗಿನ ಗಾಡಿಯ ಮೇಲೆ. ಅಮ್ಮನ ಮೊಣಕಾಲೇ ಅದಕ್ಕೆ ಕಾರಣ.

ಅವಿನಾಶಿ ರಸ್ತೆಯ ಶೋರೂಮುಗಳಿಗೆ ಎರಡು ಭಾನುವಾರ ಎಲ್ಲರೂ ಹೋದೆವು. ಆಗಿನ್ನೂ ಆ ರಸ್ತೆಯಲ್ಲಿ ಮೇಲ್ಸೇತುವೆಯ ಕೆಲಸ ನಡೆದಿತ್ತು, ಧೂಳೋ ಧೂಳು. ಈಗ 2025ರ ಅಕ್ಟೋಬರಿನಲ್ಲಿ ಜಿ.ಡಿ. ನಾಯ್ಡು ಅವರ ಹೆಸರಿನಲ್ಲಿ ಆ 10 ಕಿಲೋಮೀಟರಿನ ಸೇತುವೆ ತೆರೆದ ಮೇಲೆ ತಮ್ಮನ ಮನೆ ಹತ್ತಿರವಾದಂತಾಗಿದೆ. ಅದಿರಲಿ. ಶೋರೂಮಿನ ಹುಡುಗ ಪಾಪ ಒಳ್ಳೆಯವನೇ. ಟಿವಿಯಷ್ಟು ದೊಡ್ಡ ಪರದೆ, ಛಾವಣಿಯ ಗಾಜು, ಹಾಡಿನ ಪೆಟ್ಟಿಗೆ ಎಲ್ಲ ತೋರಿಸಿದ. ಅಮ್ಮ ಬಾಗಿಲ ಬಳಿ ನಿಂತು ಒಂದೇ ಮಾತು ಕೇಳಿದರು: "ಅಪ್ಪಾ, ನಾನು ಹತ್ತೋದು ಹೆಂಗೆ?"

ಎತ್ತರದ ಗಾಡಿಯ ಮೊದಲ ತೊಡಕೇ ಇದು. ನೆಲದಿಂದ ಎತ್ತರವಿದ್ದರೆ ಹಳ್ಳದ ರಸ್ತೆಗೆ, ಮಳೆನೀರಿಗೆ ಒಳ್ಳೆಯದು. ಆದರೆ ಎಂಬತ್ತು ದಾಟಿದ ಹೆಂಗಸು ಸೀರೆ ಉಟ್ಟು ಹತ್ತಲು ಅದು ಅಟ್ಟದ ಏಣಿ. ಕೊನೆಗೆ ನಾವು ಮಾಡಿಕೊಂಡ ಏರ್ಪಾಡೆಂದರೆ ಒಂದು ಅಡಿ ಎತ್ತರದ ತೇಗದ ಮಣೆ, ಕೆಳಗೆ ರಬ್ಬರು ಹೊಡೆಸಿದ್ದು. ಗಾಡಿಯ ಬದಿಗೆ ಹಾಕುವ ಕಬ್ಬಿಣದ ಮೆಟ್ಟಿಲಿಗಿಂತ ಅದೇ ವಾಸಿ, ಏಕೆಂದರೆ ಆ ಮೆಟ್ಟಿಲು ಕಾಲಿಗೆ ಸಾಕಾಗುವಷ್ಟು ತಗ್ಗಿನಲ್ಲಿರುವುದಿಲ್ಲ.

ಮಣೆಗೆ ಅಮ್ಮ ಒಪ್ಪಿದರು, ಮಗ ಗೆದ್ದ. ಆದರೂ ನನ್ನದೊಂದು ಷರತ್ತು ಹಾಕಿದ್ದೆ. ಯಾವ ಗಾಡಿಯೇ ಆಗಲಿ, ಮನೆಯವರೆಲ್ಲ ಮೂರನೆಯ ಸಾಲಿನಲ್ಲಿ ಹತ್ತು ಹತ್ತು ನಿಮಿಷ ಕೂತು ನೋಡಬೇಕು. ಶೋರೂಮಿನ ಹುಡುಗನಿಗೆ ಇದು ವಿಚಿತ್ರವಾಗಿ ಕಂಡಿತು. "ಸಾರ್, ಅದು ಮಕ್ಕಳಿಗೆ" ಎಂದ. ಬಟ್ಟೆ ಕೊಳ್ಳುವಾಗ ನಾವು ಮೊದಲು ಒಳಹೊಲಿಗೆ ನೋಡುವವರಲ್ಲವೇ? ಮುಂದಿನ ಸೀಟು ಯಾವ ಕಂಪನಿಯದಾದರೂ ಚೆನ್ನಾಗಿಯೇ ಇರುತ್ತದೆ. ಕಂಪನಿ ಎಲ್ಲಿ ಕೈ ಬಿಗಿ ಹಿಡಿದಿದೆ ಎಂಬುದು ಗೊತ್ತಾಗುವುದು ಹಿಂದೆ.

ಕೂತು ನೋಡಿದಾಗ ತಿಳಿದದ್ದು ಇಷ್ಟು. ಹಿಂದಿನ ಚಕ್ರದ ಅಚ್ಚು, ಸ್ಪ್ರಿಂಗು ಎಲ್ಲ ಕೆಳಗಿರುವುದರಿಂದ ಅಲ್ಲಿ ನೆಲ ಎತ್ತರ, ಸೀಟು ತಗ್ಗು. ಕೂತವರ ಮೊಣಕಾಲು ಎದೆಯ ಕಡೆಗೆ ಬರುತ್ತದೆ, ತೊಡೆಗೆ ಆಸರೆ ಇಲ್ಲ. ತಲೆಗೂ ಹಿಂದಿನ ಗಾಜಿಗೂ ನಡುವೆ ಗೇಣಿನಷ್ಟು ಜಾಗ. ಕಿಟಕಿ ಇಳಿಯುವುದಿಲ್ಲ. ಇಳಿಯಬೇಕಾದರೆ ನಡುಸಾಲಿನವರು ಎದ್ದು, ಸೀಟು ಮಡಿಸಿ ದಾರಿ ಕೊಡಬೇಕು. ಇದು ಒಂದು ಕಂಪನಿಯ ತಪ್ಪಲ್ಲ, ಅಳತೆಯ ಲೆಕ್ಕ. ಹಳೆಯ ಅಂಬಾಸಿಡರ್ ಎರಡೇ ಸಾಲಿಗೆ ಸುಮಾರು 4.3 ಮೀಟರ್ ಉದ್ದವಿತ್ತು. ಈಗಿನವು ಮೂರು ಸಾಲಿಗೆ 4.5ರಿಂದ 4.75 ಮೀಟರ್. ಮೂರೂ ಸಾಲು ಎತ್ತಿಟ್ಟಾಗ ಸಾಮಾನಿಗೆ ಉಳಿಯುವುದು ಅಂಗೈಯಗಲ. ಅಲ್ಕಜಾರಿಗೆ ಕಂಪನಿಯೇ ಹೇಳಿದ ಲೆಕ್ಕ 180 ಲೀಟರ್, ಅಂದರೆ ಎರಡು ಸಣ್ಣ ಪೆಟ್ಟಿಗೆ. ಅಂದಮೇಲೆ ಏಳು ಜನ ಹೋದರೆ ಸಾಮಾನಿಲ್ಲ, ಸಾಮಾನು ಹೋದರೆ ಐವರೇ. ನಮ್ಮ ಮನೆಯ ಪ್ರಯಾಣವೆಂದರೆ ಸೋಸಿದ ನೀರಿನ ಕೊಳದಪ್ಪಲೆ, ಬುತ್ತಿಯ ಡಬ್ಬಿಗಳು, ಅಮ್ಮನ ಮಡಿಬಟ್ಟೆಯ ಗಂಟು ಇದ್ದೇ ಇರುತ್ತವೆ. ಅದಕ್ಕಾಗಿ ಛಾವಣಿಯ ಮೇಲೆ ಕ್ಯಾರಿಯರ್ ಹಾಕಿಸೋಣವೆಂದರೆ ಗಾಜಿನ ಛಾವಣಿ ಬೇಡ ಎನ್ನಬೇಕು. ಮಗನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು.

ಸೀಟಿನ ಹೊದಿಕೆಯ ವಿಷಯ ನಮ್ಮ ಮನೆಗಳಿಗೆ ಮುಖ್ಯ, ಆದ್ದರಿಂದ ಹೇಳುತ್ತೇನೆ. "ಫುಲ್ ಲೆದರ್ ಸಾರ್" ಎಂದು ಹುಡುಗ ಹೆಮ್ಮೆಯಿಂದ ಸೀಟು ತಟ್ಟಿದ. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಮುದ್ರಿತ ಪತ್ರಿಕೆ ತೆಗೆಸಿ ಓದಿಸಿದೆ. ಅದರಲ್ಲಿದ್ದದ್ದು ಲೆದರೆಟ್, ಅಂದರೆ ಪ್ಲಾಸ್ಟಿಕ್ಕಿನಿಂದ ಮಾಡಿದ ಕೃತಕ ತೊಗಲು. ಈ ದರದ ಬಹಳಷ್ಟು ಗಾಡಿಗಳಲ್ಲಿ ಸೀಟಿಗೆ ಇರುವುದು ಅದೇ. ಆದರೆ ಸ್ಟಿಯರಿಂಗಿನ ಸುತ್ತಿಗೂ ಗೇರಿನ ಗುಬುಟಕ್ಕೂ ನಿಜವಾದ ತೊಗಲು ಇರುವುದುಂಟು, ಅದನ್ನು ಬೇರೆಯಾಗಿಯೇ ಕೇಳಬೇಕು, ಬರಹದಲ್ಲಿ ಪಡೆಯಬೇಕು. ನಾವು ಬಟ್ಟೆಯ ಸೀಟಿನದನ್ನೇ ಆರಿಸಿದೆವು. ತಿರುಪ್ಪೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಗೆ ಬಟ್ಟೆಯಷ್ಟು ತಂಪು ಬೇರೊಂದಿಲ್ಲ. ಬಟ್ಟೆಯ ಊರಿನವರು ಬಟ್ಟೆಯ ಮೇಲೆ ಕೂರಲು ನಾಚಿಕೆ ಏಕೆ?

ಇನ್ನು ಹಣದ ಮಾತು. ಗಾಡಿ ರಸ್ತೆಗೆ ಇಳಿಯುವ ಹೊತ್ತಿಗೆ 23 ಲಕ್ಷ 40 ಸಾವಿರ ಆಯಿತು. ಅಂಗಡಿಯ ಹೆಸರಿನಲ್ಲಿ ಕೊಂಡರೆ ಜಿಎಸ್‌ಟಿ ವಾಪಸು ಸಿಗುತ್ತದೆಂದು ಕೆಲವರು ಹೇಳುತ್ತಾರೆ. ಸಿಗುವುದಿಲ್ಲ. ಕಾರು ಮಾರುವವರು, ಬಾಡಿಗೆಗೆ ಓಡಿಸುವವರು, ಚಾಲನೆ ಕಲಿಸುವವರು ಬಿಟ್ಟರೆ ನಮ್ಮಂಥವರಿಗೆ ಆ ತೆರಿಗೆ ಜಮೆ ಇಲ್ಲ. ಅಂಗಡಿಯ ಹೆಸರಿನಲ್ಲಿದ್ದರೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 15 ಪ್ರತಿಶತ ಸವಕಳಿ ಕಳೆಯಬಹುದು, ಅದೂ ವ್ಯಾಪಾರಕ್ಕೆ ಬಳಸಿದ ಮಟ್ಟಿಗೆ. ಹತ್ತು ಲಕ್ಷ ಮೀರಿದ ಕಾರಿಗೆ ಮಾರುವವರು ಹಿಡಿಯುವ 1 ಪ್ರತಿಶತವನ್ನು ರಿಟರ್ನಿನಲ್ಲಿ ಹೊಂದಿಸಿಕೊಳ್ಳಲು ಮರೆಯಬಾರದು. ತಮಿಳುನಾಡಿನಲ್ಲಿ 2023ರ ನವೆಂಬರಿನಲ್ಲಿ ರಸ್ತೆ ತೆರಿಗೆ ಏರಿಸಿ, 10ರಿಂದ 20 ಲಕ್ಷದ ಕಾರಿಗೆ 18, ಅದಕ್ಕೂ ಮೇಲಿನದಕ್ಕೆ 20 ಪ್ರತಿಶತ ಮಾಡಿದರು. ನಾವು ಕೊಂಡಾಗ 15 ಇತ್ತು. ಅತ್ತ 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಗಾಡಿಗಳಿಗೆ 28 ಪ್ರತಿಶತ ಜಿಎಸ್‌ಟಿ, ಅದರ ಮೇಲೆ 22 ಪ್ರತಿಶತ ಸೆಸ್ ಎಂದಿದ್ದದ್ದು ಹೋಗಿ ಒಟ್ಟು 40 ಆಯಿತು. ಹೊಸದರ ಬೆಲೆ ಇಳಿದ ದಿನ ಹಳೆಯದರ ಬೆಲೆಯೂ ಇಳಿಯಿತು. ಸರಕು ಇಟ್ಟುಕೊಂಡವರಿಗೆ ಇದು ಹೊಸ ಅನುಭವವಲ್ಲ.

ಡೀಸೆಲ್ ಗಾಡಿ ಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಶೋಧಕ ಇರುತ್ತದೆ. ಎಂಜಿನು ಚೆನ್ನಾಗಿ ಕಾದು ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ಸುಟ್ಟು ಹೋಗುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಕಂಪನಿಗೆ ಎಂದು ದಿನಾ ಮೂರು ಮೂರು ಕಿಲೋಮೀಟರ್ ಓಡಿಸಿದರೆ ಅದು ಕಟ್ಟಿಕೊಂಡು ದೀಪ ಹತ್ತುತ್ತದೆ. ನಮ್ಮದಕ್ಕೂ ಮೊದಲ ವರ್ಷ ಎರಡು ಸಲ ಹತ್ತಿತು. ಆಮೇಲೆ ವಾರಕ್ಕೊಂದು ಸಲ ಪೆರುಂದುರೈ ಕಡೆಗೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸುವುದನ್ನು ಇಟ್ಟುಕೊಂಡೆವು. ಅದೇ ನೆಪದಲ್ಲಿ ವಿಜಯಮಂಗಲದ ಚಂದ್ರಪ್ರಭ ಬಸದಿಯ ದರ್ಶನವೂ ಆಗುತ್ತದೆ. ಊರೊಳಗೇ ತಿರುಗುವವರಿಗೆ ಪೆಟ್ರೋಲೇ ವಾಸಿ.

ಮೈಲೇಜು ಊರಲ್ಲಿ 10, 11. ಹೊರಗೆ 14, 15. ಸರಾಸರಿ 13 ಹಿಡಿಯಿರಿ. ಕಿಲೋಮೀಟರಿಗೆ ಡೀಸೆಲ್ 7 ರೂಪಾಯಿ ಚಿಲ್ಲರೆ, ಇನ್ಶೂರೆನ್ಸು ಸರ್ವೀಸು ಸೇರಿ 3 ರೂಪಾಯಿ 65 ಪೈಸೆ, ಟೈರು 1 ರೂಪಾಯಿ 15 ಪೈಸೆ. ಇಷ್ಟನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಹಾಕದಿರುವುದು ಮುಂದಿನದು. ಈಚೆಗೆ ಹಳೆಯ ಕಾರಿನ ದಲ್ಲಾಳಿಯೊಬ್ಬರು ನೋಡಿ ಹದಿನಾಲ್ಕೂವರೆ ಲಕ್ಷ ಎಂದರು. ಎಂಟು ಲಕ್ಷ 90 ಸಾವಿರ ಕರಗಿದೆ. ಕಿಲೋಮೀಟರಿಗೆ 17 ರೂಪಾಯಿ. ಉಳಿದೆಲ್ಲ ಖರ್ಚು ಕೂಡಿಸಿದರೂ 12 ದಾಟುವುದಿಲ್ಲ. ಒಟ್ಟು 29 ರೂಪಾಯಿ, ಬಡ್ಡಿ ಬಿಟ್ಟು. ಏಳು ಸೀಟಿನ ಬಾಡಿಗೆ ಗಾಡಿ ಇದಕ್ಕಿಂತ ಕಡಿಮೆಗೆ ಮನೆ ಬಾಗಿಲಿಗೆ ಬರುತ್ತದೆ, ಡ್ರೈವರ್ ಸಮೇತ. ಇನ್ನೂ ಒಂದು ಲೆಕ್ಕ ನೋಟ್‌ಬುಕ್ಕಿನಲ್ಲಿದೆ. ಈ ಮೂರೂವರೆ ವರ್ಷದಲ್ಲಿ ಏಳು ಜನವೂ ಒಟ್ಟಿಗೆ ಕೂತದ್ದು 61 ದಿನ. ಉಳಿದ ದಿನ ಮೂರನೆಯ ಸಾಲು ಮಡಿಸಿಕೊಂಡು ಬನಿಯನ್ ಬಂಡಲುಗಳನ್ನು ಹೊತ್ತಿದೆ.

ಹಾಗಾದರೆ ಈ ಗಾಡಿ ಏಕೆ ಬೇಕು ಎಂದು ತಮ್ಮ ಕೇಳಿದ. ಆ 61 ದಿನಗಳಲ್ಲಿ ಒಂದು ದಿನದ ಮಾತು ಅವನಿಗೆ ಹೇಳಿದೆ, ಇಲ್ಲಿಯೂ ಹೇಳುತ್ತೇನೆ.

2024ರ ಜನವರಿಯಲ್ಲಿ ಮಲೆಯೂರಿನ ಕನಕಗಿರಿಗೂ ಅಲ್ಲಿಂದ ಶ್ರವಣಬೆಳಗೊಳಕ್ಕೂ ಹೊರಟೆವು. ಅಮ್ಮ 2018ರ ಮಸ್ತಕಾಭಿಷೇಕದ ಮೇಲೆ ಆ ಕಡೆ ಹೋಗಿರಲಿಲ್ಲ. ಆ ಸಲ ಬಾಡಿಗೆ ವ್ಯಾನಿನಲ್ಲಿ ಹೋಗಿದ್ದೆವು. ಡ್ರೈವರಿಗೆ ಅವಸರ, ಅಮ್ಮ ದಾರಿಯಲ್ಲಿ ಎರಡು ಸಲ ನಿಲ್ಲಿಸು ಎಂದು ಕೇಳಲು ಸಂಕೋಚಪಟ್ಟು ನೀರನ್ನೇ ಕುಡಿಯದೆ ಕೂತಿದ್ದರು. ಬಾಡಿಗೆಯ ಅಗ್ಗದ ಲೆಕ್ಕದಲ್ಲಿ ಇದು ಬರುವುದಿಲ್ಲ.

ತಿರುಪ್ಪೂರಿನಿಂದ ಅವಿನಾಶಿ, ಪುಳಿಯಂಪಟ್ಟಿ, ಸತ್ಯಮಂಗಲ, ಬಣ್ಣಾರಿ. ಅಲ್ಲಿಂದ ದಿಂಬಂ ಘಟ್ಟ. ಹುಲಿ ಸಂರಕ್ಷಿತ ಕಾಡಾದ್ದರಿಂದ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬೆಳಿಗ್ಗೆ 6ಕ್ಕೆ ದಾರಿ ಬಿಡುತ್ತಾರೆ. ಅಮ್ಮನಿಗೆ ರಾತ್ರಿಭೋಜನ ತ್ಯಾಗ, ಸೂರ್ಯ ಮುಳುಗುವ ಮುನ್ನ ಊಟ ಆಗಬೇಕು. ಹಾಗಾಗಿ ನಾಲ್ಕೂವರೆಗೆ ಮನೆ ಬಿಟ್ಟು ಮೊದಲ ಗಾಡಿಗಳ ಸಾಲಿನಲ್ಲೇ ಬಣ್ಣಾರಿಯಲ್ಲಿದ್ದೆವು. ಮಗ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು. ನಡುವೆ ಅಮ್ಮ, ನಮ್ಮ ಮನೆಯವರು, ಮೊಮ್ಮಗ. ಹಿಂದೆ ಸೊಸೆ, ಮೊಮ್ಮಗಳು. ಗಾಡಿ ಬಂದಂದಿನಿಂದ ಕೂರುವ ಕ್ರಮ ಅದೇ. ಯಾರೂ ಹೇಳಿ ಮಾಡಿದ್ದಲ್ಲ, ತಾನಾಗಿ ಬಂದದ್ದು. ಇಂಥ ಗಾಡಿಯಿರುವ ಮನೆಗಳಲ್ಲಿ ನೀವೂ ನೋಡಿ, ಮೂರನೆಯ ಸಾಲಿನಲ್ಲಿ ಕಾಣುವುದು ಸೊಸೆಯೇ.

ದಿಂಬಂ ಘಟ್ಟಕ್ಕೆ 27 ತಿರುವು. ಮುಂದೆ ಕೂತವರಿಗೆ ತಿರುವು ಕಾಣುತ್ತದೆ, ಮೈ ತಾನಾಗಿ ಸರಿದುಕೊಳ್ಳುತ್ತದೆ. ಹಿಂದಿನ ಅಚ್ಚಿಗೂ ಆಚೆ ಕೂತವರಿಗೆ ಅದೇ ತಿರುವು ಚಾಟಿಯ ತುದಿಯಂತೆ ಬೀಸುತ್ತದೆ, ಎದುರಿಗೆ ಕಾಣುವುದು ಸೀಟಿನ ಬೆನ್ನು ಮಾತ್ರ. ಒಂಬತ್ತನೆಯ ತಿರುವಿನ ಹೊತ್ತಿಗೆ ಮಗು ವಾಂತಿ ಮಾಡಿಕೊಂಡಳು. ಸೊಸೆ ಸದ್ದಿಲ್ಲದೆ ಟವೆಲಿನಲ್ಲಿ ಹಿಡಿದಿದ್ದಳು. ಹಾಡು ಹಾಕಿದ್ದರಿಂದ ಮುಂದಿದ್ದವರಿಗೆ ಕೇಳಲಿಲ್ಲ. ಕೇಳಿದ್ದು ಅಮ್ಮನಿಗೆ.

ಘಟ್ಟದ ಮೇಲೆ ಗಾಡಿ ನಿಲ್ಲಿಸಿದೆವು. ಮಣೆ ಹಾಕಿ ಇಳಿಸಿದ ಮೇಲೆ ಅಮ್ಮ ಮಗನನ್ನು ಕರೆದು, "ಗಾಡಿ ಬಂದಾಗಿನಿಂದ ಅವಳು ಹಿಂದೆ ಕೂತವಳೆ. ಅವಳಿಗೆ ಓಡ್ಸೋಕೆ ಬರಲ್ವಾ?" ಎಂದರು. ಬರುತ್ತದೆ, ತಿರುಪ್ಪೂರಿನ ಸಂದಣಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವಳು ಅವಳೇ. "ಹಂಗಾದ್ರೆ ನೀನು ಹಿಂದೆ ಕೂರು" ಎಂದರು. ಮಗನ ಎತ್ತರ ಆರು ಅಡಿಗೆ ಎರಡಂಗುಲ ಕಡಿಮೆ. ಮಗು ನನ್ನ ಜಾಗಕ್ಕೆ ಹಟ ಮಾಡಿದಳು. ಬೆಲ್ಟು ಸರಿಯಾಗಿ ಕೂರದ ಮಕ್ಕಳನ್ನು ಮುಂದೆ ಕೂರಿಸಬಾರದೆಂದು ಸೊಸೆ ನಡುಸಾಲಿಗೆ ಕಳಿಸಿದಳು. ಮೊಮ್ಮಗ ಅಪ್ಪನ ಜೊತೆ ಹಿಂದಕ್ಕೆ ಹೋದ. ದಿಂಬಂನಿಂದ ಹಾಸನೂರು ದಾಟಿ ಚಾಮರಾಜನಗರದವರೆಗೆ ಸೊಸೆ ಓಡಿಸಿದಳು. ಕಾರಪಳ್ಳಂ ಬಳಿ ಕಬ್ಬಿನ ಲಾರಿಗಾಗಿ ಆನೆ ಕಾದು ನಿಲ್ಲುವ ಜಾಗದಲ್ಲಿ ಅವಳು ಹಾರನ್ನೂ ಹೊಡೆಯದೆ ದೂರದಲ್ಲೇ ನಿಲ್ಲಿಸಿ ಕಾದಳು. ನನ್ನ ಮಗನಿಗೆ ಆ ತಾಳ್ಮೆ ಇಲ್ಲ. ಅವನು ಹಿಂದಿನಿಂದ ಎರಡು ಸಲ, "ಸ್ವಲ್ಪ ಎಸಿ ಜಾಸ್ತಿ ಮಾಡು" ಎಂದ. ಆಮೇಲೆ ಮಾತಾಡಲಿಲ್ಲ.

ಕನಕಗಿರಿಯಲ್ಲಿ ದರ್ಶನ ಆಯಿತು. ಬೆಟ್ಟದ ತಂಪಿನಲ್ಲಿ ಬುತ್ತಿ ಬಿಚ್ಚಿದೆವು. ಸಂಜೆ ಐದಕ್ಕೆ ಬೆಳಗೊಳದಲ್ಲಿ ಅಮ್ಮನ ಊಟ. ಆರುನೂರು ಚಿಲ್ಲರೆ ಮೆಟ್ಟಿಲು ಅವರಿಗೆ ಆಗುವುದಿಲ್ಲ. ಕೆಳಗೆ ಕಲ್ಯಾಣಿಯ ಬಳಿ ಕೂತು ಮೇಲೆ ನೋಡಿ ಕೈ ಮುಗಿದರು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತರು. ಹೊರಡಿ ಎನ್ನುವ ಡ್ರೈವರ್ ಯಾರೂ ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ಮೂರನೆಯ ಸಾಲಿಗೆ ಸರದಿ ಇದೆ. ಅಮ್ಮನನ್ನು ಬಿಟ್ಟು ಎಲ್ಲರಿಗೂ, ನನಗೂ. ಮುಂದಿನ ಸೀಟು ಹಿಂದಿನ ಸೀಟು ಎರಡನ್ನೂ ಚೆನ್ನಾಗಿ ಬಲ್ಲವಳು ಸೊಸೆ, ಆದ್ದರಿಂದ ಗಾಡಿಯ ಗುಣದೋಷ ಕೇಳಬೇಕಾದರೆ ನಾನು ಅವಳನ್ನು ಕೇಳುತ್ತೇನೆ. ಅವಳು ಹೇಳುವುದು ಸಣ್ಣ ಸಣ್ಣ ಮಾತು. ಹಿಂದಿನ ಸಾಲಿಗೆ ತಂಗಾಳಿಯ ತೂತಿದ್ದರೆ ಸಾಲದು, ಅದನ್ನು ಹೆಚ್ಚುಕಡಿಮೆ ಮಾಡುವ ಗುಂಡಿಯೂ ಅಲ್ಲೇ ಇರಬೇಕು. ಸೀರೆ ಉಟ್ಟವರು ಒಳಹೊಗಲು ಕಂಬದಲ್ಲೊಂದು ಹಿಡಿಕೆ ಬೇಕು. ನಡುಸಾಲು ಒಂದೇ ಬೆಂಚಾಗದೆ ಎರಡು ಬಿಡಿ ಸೀಟಾಗಿದ್ದರೆ ನಡುವೆ ದಾರಿ ಸಿಗುತ್ತದೆ, ಆದರೆ ಒಬ್ಬರ ಜಾಗ ಹೋಗುತ್ತದೆ. ಬೆಲ್ಟಿನ ಕೊಕ್ಕೆ ಮೆತ್ತೆಯೊಳಗೆ ಹೂತುಹೋಗಿರಬಾರದು. ಬದಿಯ ಏರ್‌ಬ್ಯಾಗಿನ ಪರದೆ ಮೂರನೆಯ ಸಾಲಿನವರೆಗೂ ಬರುತ್ತದೆಯೇ ಎಂದು ಕೇಳಬೇಕು. ಎಲ್ಲ ಗಾಡಿಗಳಲ್ಲೂ ಬರುವುದಿಲ್ಲ. ಅಪಘಾತ ಪರೀಕ್ಷೆಯ ನಕ್ಷತ್ರಗಳನ್ನು ನೋಡಿ ಕೊಳ್ಳುವುದು ಒಳ್ಳೆಯದೇ. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ. ಆದರೆ ಬೆಲ್ಟು ಹಾಕದವರಿಗೆ ಯಾವ ನಕ್ಷತ್ರವೂ ಇಲ್ಲ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಅವರು ಪಾಲ್ಘರ್ ಬಳಿ ತೀರಿಕೊಂಡದ್ದು ಬಲು ಬೆಲೆಯ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ನಮ್ಮ ಗಾಡಿ ಬಂದದ್ದು ಅದಾದ ಒಂದೇ ತಿಂಗಳಿಗೆ. ಏಳೂ ಬೆಲ್ಟಿನ ಸದ್ದು ಕೇಳಿದ ಮೇಲೆಯೇ ಹೊರಡುವುದೆಂದು ಅಂದೇ ಮಾಡಿಕೊಂಡೆವು.

ತಮ್ಮನಿಗೆ ನಾನು ಹೇಳಿದ್ದು ಇಷ್ಟು. ಅವನ ಮನೆಯಲ್ಲಿ ಮೂವರು. ಐದು ಸೀಟಿನದು ಕೊಳ್ಳಲಿ, ಹೆಚ್ಚು ಜನವಾದ ದಿನ ನಮ್ಮದನ್ನು ಒಯ್ಯಲಿ. ಮನೆಯಲ್ಲಿ ವಯಸ್ಸಾದವರಿದ್ದು, ವರ್ಷಕ್ಕೆ ಹದಿನೈದು ಇಪ್ಪತ್ತು ದಿನವಾದರೂ ಎಲ್ಲರೂ ಒಟ್ಟಿಗೆ ಹೋಗುವವರು ಮಾತ್ರ ಮೂರು ಸಾಲಿನದಕ್ಕೆ ಹಣ ಹಾಕಬೇಕು. ಹಾಕುವ ಮುನ್ನ ಕೊನೆಯ ಸಾಲಿನಲ್ಲಿ ಕೂರುವವರನ್ನು ಕರೆದೊಯ್ದು ಅಲ್ಲೇ ಕೂರಿಸಿ ಕೇಳಬೇಕು.

ಆ ಸಾಲಿಗೂ ಒಂದು ಆಯುಷ್ಯ ಇದೆ. ಗಾಡಿ ಬಂದಾಗ ಮೊಮ್ಮಗನಿಗೆ ಒಂಬತ್ತು. ಹಿಂದೆ ಕೂತರೆ ಕಾಲು ಆಡಿಸುತ್ತಿದ್ದ. ಈಗ ಅವನ ಮಂಡಿ ಮುಂದಿನ ಸೀಟಿಗೆ ತಾಗುತ್ತದೆ. ಸಾಲದ ಕಂತು ಇನ್ನೂ ಹದಿನೆಂಟು ತಿಂಗಳು ಬಾಕಿ ಇದೆ. ಅದು ತೀರುವ ಹೊತ್ತಿಗೆ ಅವನೂ ಅಪ್ಪನ ಹಾಗೆ ಮುದುಡಿ ಕೂರಬೇಕಾಗುತ್ತದೆ. ದಲ್ಲಾಳಿ ಮೊನ್ನೆ ಮತ್ತೆ ಫೋನು ಮಾಡಿ, ದರ ಇನ್ನೂ ಇಳಿಯುವ ಮೊದಲು ಕೊಟ್ಟುಬಿಡಿ ಎಂದ. ಅಮ್ಮನಿಗೆ ಬರುವ ಕಾರ್ತೀಕಕ್ಕೆ 86 ತುಂಬುತ್ತದೆ. ಆಗ ಇನ್ನೊಂದು ಸಲ ಮಲೆಯೂರಿಗೆ ಹೋಗಬೇಕು ಎಂದಿದ್ದಾರೆ. ಅದು ಆಗಲಿ, ಆಮೇಲೆ ನೋಡೋಣ ಎಂದು ಅವನಿಗೆ ಹೇಳಿದ್ದೇನೆ.